ಗದ್ದೆಯ ಕೆಸರಿಗೂ ಚೈತ್ರದ ಬಿಸಿಲಿಗೂ ಒಂದೇ ಟಯರ್

ಸಿಂಧನೂರಿನಿಂದ ಹೊರಟು ಮಸ್ಕಿ ದಾಟಿ ಲಿಂಗಸುಗೂರು ಸೇರುವ ದಾರಿ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಜೇವರ್ಗಿಯಿಂದ ಚಾಮರಾಜನಗರದವರೆಗೆ ಚಾಚಿರುವ 150ಎ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು ಅದು. ಅಷ್ಟು ದೂರದಲ್ಲೇ ನೆಲ ಎಷ್ಟು ಬದಲಾಗುತ್ತದೆ ನೋಡಿ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಎರೆ ಮಣ್ಣು. ಮಸ್ಕಿಯ ಹತ್ತಿರ ಬಂಡೆಗಲ್ಲಿನ ಗುಡ್ಡ, ಕುರುಚಲು ಗಿಡ, ಬಳ್ಳಾರಿ ಜಾಲಿ. ಲಿಂಗಸುಗೂರು ದಾಟಿ ಮುದಗಲ್ಲಿನ ಕಡೆಗೋ ಹಟ್ಟಿಯ ಕಡೆಗೋ ತಿರುಗಿದರೆ ಕಲ್ಲುಮಿಶ್ರಿತ ಒಣನೆಲ. ಬೆಳಿಗ್ಗೆ ಕೆಸರು ತುಳಿದ ಗಾಲಿಯೇ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ಓಡಬೇಕು, ರಾತ್ರಿ ಮರಳುವಾಗ ಗುಡುಗಿನ ಮಳೆಗೆ ಸಿಕ್ಕಬೇಕು.

ಈ ದಾರಿಯಲ್ಲಿ ಈಗ ವೇಗದ ಕಾರುಗಳು ಹೆಚ್ಚಾಗಿವೆ. ಇಟಲಿಯ ಎರಡು ಬಾಗಿಲಿನ ಕಾರಿನ ಮಾತಲ್ಲ ಇದು. ಪೋಲೋ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್ ತರಹದವು. ನೋಡಲಿಕ್ಕೆ ಮನೆಮಂದಿಯ ಕಾರು, ಒಳಗೆ ಟರ್ಬೋ ಎಂಜಿನ್, ನೂರಕ್ಕೂ ಮೀರಿದ ಅಶ್ವಶಕ್ತಿ. ಅಕ್ಕಿ ಗಿರಣಿಯವರು, ಬೀಜ–ಗೊಬ್ಬರದ ವ್ಯಾಪಾರಿಗಳು, ವೈದ್ಯರು, ಹಟ್ಟಿ ಚಿನ್ನದ ಗಣಿಯ ಎಂಜಿನಿಯರರು, ಬೆಂಗಳೂರಿನ ಕಂಪನಿ ಕೆಲಸವನ್ನು ಊರಿನಿಂದಲೇ ಮಾಡುವ ಹುಡುಗ ಹುಡುಗಿಯರು ಇವನ್ನು ಇಷ್ಟಪಟ್ಟು ಕೊಂಡಿದ್ದಾರೆ. ಭಾನುವಾರಕ್ಕೆಂದು ಮುಚ್ಚಿಡುವ ಕಾರಲ್ಲ, ದಿನಾ ಓಡಿಸುವ ಕಾರು. ನಾಲ್ಕು ವರ್ಷಕ್ಕೋ ನಲವತ್ತು ಸಾವಿರ ಕಿಲೋಮೀಟರಿಗೋ ಮೊದಲ ಟಯರುಗಳು ಸವೆದಾಗ ಅಂಗಡಿಯ ಮುಂದೆ ನಿಂತು ಯೋಚನೆ ಶುರುವಾಗುತ್ತದೆ: ಯಾವುದನ್ನು ಹಾಕಿಸಲಿ? ಎಲ್ಲ ಕಾಲಕ್ಕೂ ಆಗುವಂಥದ್ದು ಯಾವುದು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ದಾರಿಯಲ್ಲಿ ವರ್ಷದ ಅತಿ ಕೆಟ್ಟ ಅರ್ಧ ತಾಸು ಯಾವುದು ಎಂದು ನೆನಪು ಮಾಡಿಕೊಳ್ಳಿ. ಟಯರನ್ನು ಆ ಅರ್ಧ ತಾಸಿಗಾಗಿ ಆರಿಸಿ. ಉಳಿದ ಕಾಲದಲ್ಲಿ ಯಾವ ಒಳ್ಳೆಯ ಟಯರೂ ನಡೆಯುತ್ತದೆ.

ವಿದೇಶದ ವಿಡಿಯೊಗಳನ್ನು ನೋಡಿದವರು ಆಲ್ ಸೀಸನ್ ಟಯರ್ ಬೇಕೆಂದು ಕೇಳುತ್ತಾರೆ. ಯುರೋಪು, ಅಮೆರಿಕದಲ್ಲಿ ಅದಕ್ಕೆ ಬಲವಾದ ಕಾರಣವಿದೆ. ಬೇಸಿಗೆಗೆಂದು ಮಾಡಿದ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಮೆತ್ತನೆಯ ರಬ್ಬರು ಬೇಸಿಗೆಯಲ್ಲಿ ಕರಗಿದಂತೆ ಸವೆಯುತ್ತದೆ. ಎರಡು ಜೊತೆ ಇಟ್ಟುಕೊಳ್ಳಲು ಒಲ್ಲದವರಿಗೆ ನಡುವಿನದೊಂದು ಬೇಕಾಯಿತು. ಹಿಮದಲ್ಲಿ ಕಚ್ಚಲಿಕ್ಕೆ ಅದರ ಮೇಲ್ಮೈಯಲ್ಲಿ ಕೂದಲೆಳೆಯಂಥ ನೂರಾರು ಸೀಳುಗಳಿರುತ್ತವೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹೂವಿನ ಗುರುತು ಇದ್ದರೆ ಹಿಮದ ಪರೀಕ್ಷೆಯಲ್ಲೂ ಪಾಸಾಗಿದೆ ಎಂದು ತಿಳಿಯಬೇಕು. ನಮ್ಮಲ್ಲಿ ಮಾಘದ ಮುಂಜಾವಿನಲ್ಲೂ ಅಷ್ಟು ಚಳಿ ಬೀಳುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಡಿಗ್ರಿ. ಡಾಂಬರಿನ ಮೈ 60 ದಾಟುತ್ತದೆ. ಆ ಕಾವಿನಲ್ಲಿ ಸೀಳು ಹೆಚ್ಚಿರುವ ಮೆತ್ತನೆಯ ರಬ್ಬರು ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಒಯ್ದಾಗ ಬಳುಕುತ್ತದೆ, ಬೇಗ ಸವೆಯುತ್ತದೆ. ವೇಗದ ಕಾರಿನ ಚುರುಕು ಸ್ಟೀರಿಂಗಿನ ಸುಖವೆಲ್ಲ ಅಲ್ಲೇ ಕಳೆದುಹೋಗುತ್ತದೆ. ಇಲ್ಲದ ಹಿಮಕ್ಕೆ ಹಣ ಕೊಟ್ಟು, ಇರುವ ಬಿಸಿಲಿನಲ್ಲಿ ನಷ್ಟ ಮಾಡಿಕೊಳ್ಳುವುದು ಬೇಡ. ನಮ್ಮ ದೇಶದಲ್ಲಿ ಕಾರಿನೊಂದಿಗೆ ಬರುವ ಟಯರುಗಳಲ್ಲಿ ಬಹುಪಾಲು ಬಿಸಿ ಸೀಮೆಗೇ ಮಾಡಿದವು. ನಮ್ಮ ಎಲ್ಲ ಕಾಲವೆಂದರೆ ಬಿಸಿಲು, ಮಳೆ ಮತ್ತು ನಾಟಿಯ ಕೆಸರು.

ಕೆಸರಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಾವ ಕಂಪನಿಯ ಜಾಹೀರಾತಿನಲ್ಲೂ ಅದು ಬರುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಆಗಸ್ಟ್, ಸೆಪ್ಟೆಂಬರಿನಲ್ಲಿ. ಮಲೆನಾಡಿನವರಿಗೆ ಇದು ಮಳೆಯೇ ಅಲ್ಲ. ಆದರೆ ಅಲ್ಲಿ ತಿಂಗಳುಗಟ್ಟಲೆ ಸುರಿದ ಮಳೆ ರಸ್ತೆಯನ್ನು ತೊಳೆದಿಡುತ್ತದೆ. ನಮ್ಮಲ್ಲಿ ಮೂರು ವಾರ ಧೂಳು, ಎಣ್ಣೆಯ ಕಲೆ, ಸವೆದ ರಬ್ಬರಿನ ಪುಡಿ ಕೂತಿರುತ್ತದೆ. ಒಂದು ಸಂಜೆ ಧೋ ಎಂದು ಸುರಿದಾಗ ಮೊದಲ ಹತ್ತಿಪ್ಪತ್ತು ನಿಮಿಷ ಅದೆಲ್ಲ ಲೋಳೆಯಾಗುತ್ತದೆ. ಅದರ ಜೊತೆಗೆ ನಾಟಿಯ ಕಾಲದ ಟ್ರ್ಯಾಕ್ಟರು. ರಂಟೆ ಮುಗಿಸಿ ಗದ್ದೆಯಿಂದ ರಸ್ತೆಗೆ ಏರಿದ ಗಾಲಿ ಅರ್ಧ ಫರ್ಲಾಂಗು ದೂರ ಎರೆ ಮಣ್ಣಿನ ಹೆಂಟೆ ಉದುರಿಸುತ್ತ ಹೋಗುತ್ತದೆ. ಕೆಲವರು ಗದ್ದೆಯ ಕಬ್ಬಿಣದ ಕೇಜ್ ವೀಲನ್ನೂ ಬಿಚ್ಚದೆ ಡಾಂಬರಿನ ಮೇಲೆ ಬರುತ್ತಾರೆ. ರಸ್ತೆಯ ಮೈಯೆಲ್ಲ ಗೀರಿ ಹೋಗುತ್ತದೆ, ಆ ಗೀರಿನಲ್ಲಿ ನೀರು ನಿಲ್ಲುತ್ತದೆ. ಸಿಂಧನೂರಿನಿಂದ ಜವಳಗೇರಾ, ಪೋತ್ನಾಳ ಕಡೆಗಾಗಲಿ ತುರ್ವಿಹಾಳದ ಕಡೆಗಾಗಲಿ ಕ್ಯಾಂಪು ಎನ್ನುವ ಊರುಗಳ ನಡುವೆ ಹೋಗುವ ಯಾವ ರಸ್ತೆಯಲ್ಲೂ ಇದನ್ನು ಕಾಣಬಹುದು.

ಲೆಕ್ಕ ಕೇಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಒಣ ಡಾಂಬರಿನ ಮೇಲೆ ಒಳ್ಳೆಯ ಟಯರು ಸುಮಾರು 32 ಮೀಟರಿನಲ್ಲಿ ನಿಲ್ಲಿಸುತ್ತದೆ. ಒದ್ದೆಯಾಗಿ ಹಿಡಿತ ಅರ್ಧಕ್ಕೆ ಹತ್ತಿರ ಇಳಿದರೆ 60 ಮೀಟರ್ ಬೇಕು. ಕೆಸರು ಮೆತ್ತಿದ ರಸ್ತೆಯಾದರೆ 80 ಮೀಟರ್ ಮೀರಬಹುದು. ಎದುರಿಗೆ ಹಿಂದಿನ ದೀಪವಿಲ್ಲದ, ಹತ್ತಿ ಹೇರಿದ ಟ್ರೇಲರ್ ಇದೆ ಎಂದುಕೊಳ್ಳಿ. ಎಂಜಿನ್ನಿನ ಅಶ್ವಶಕ್ತಿ ಆ ಹೊತ್ತಿಗೆ ಏನೂ ಮಾಡಲಾರದು. 1,100 ಕೆಜಿ ತೂಕದ ಕಾರು ನೆಲವನ್ನು ಮುಟ್ಟುವುದು ಒಂದೊಂದು ಟಯರಿನ ಸುಮಾರು 120 ಚದರ ಸೆಂಟಿಮೀಟರಿನಲ್ಲಿ. ಬ್ರೇಕೂ ಸ್ಟೀರಿಂಗೂ ಕೆಲಸ ಮಾಡುವುದು ಅಲ್ಲಿಂದಲೇ.

ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಒದ್ದೆ ರಸ್ತೆಯ ಹಿಡಿತ. ನಮ್ಮ ಸರ್ಕಾರವೂ 2022ರಲ್ಲಿ ಹೊರಡಿಸಿದ ನಿಯಮದಲ್ಲಿ ಟಯರಿನ ಉರುಳು ತಡೆ, ಸದ್ದು, ಒದ್ದೆ ಹಿಡಿತ ಈ ಮೂರಕ್ಕೂ ಮಿತಿ ಹಾಕಿದೆ. ಅದು ಕನಿಷ್ಠ ಮಟ್ಟ ಮಾತ್ರ. ಅದರ ಮೇಲೆ ಎಷ್ಟು ಒಳ್ಳೆಯದು ಎಂದು ತಿಳಿಯಲು ರಬ್ಬರಿನಲ್ಲಿ ಸಿಲಿಕಾ ಇದೆಯೇ ಎಂದು ಕೇಳಿ, ಗೆರೆಗಳನ್ನು ನೋಡಿ. ರಬ್ಬರಿಗೆ ಬರಿಯ ಇಂಗಾಲದ ಕಪ್ಪು ಪುಡಿಯ ಬದಲು ಸಿಲಿಕಾ ಬೆರೆಸುವ ವಿಧಾನವನ್ನು ಮಿಷೆಲಿನ್ ಕಂಪನಿ 1990ರ ದಶಕದ ಆರಂಭದಲ್ಲಿ ಕಾರಿನ ಟಯರಿಗೆ ತಂದಿತು. ನೀರಿನಲ್ಲಿ ಹಿಡಿತ ಹೆಚ್ಚಾಯಿತು, ಇಂಧನವೂ ಉಳಿಯಿತು. ಈಗ ನಮ್ಮ ದೇಶದ ಕಂಪನಿಗಳೂ ಹಾಗೆ ಮಾಡುತ್ತವೆ. ಗೆರೆಗಳ ಮಟ್ಟಿಗೆ, ಸುತ್ತಲೂ ಓಡುವ ಮೂರೋ ನಾಲ್ಕೋ ಅಗಲವಾದ ನೇರ ಗೆರೆ ಇರಲಿ. ನೀರು ಅದರಲ್ಲೇ ಹರಿದು ಹೋಗುತ್ತದೆ, ಎರೆ ಮಣ್ಣು ತುಂಬಿದರೂ ಒಂದು ಫರ್ಲಾಂಗು ಓಡಿಸಿದರೆ ಉದುರುತ್ತದೆ. ಕಿರಿದಾದ ಗೆರೆಗಳ ರೇಸ್ ಮಾದರಿಯ ಟಯರಿಗೆ ಎರೆ ಮಣ್ಣು ಒಮ್ಮೆ ಮೆತ್ತಿತೆಂದರೆ ಅದು ಬಿಸಿಲಿಗೆ ಒಣಗಿಯೇ ಬಿಡಬೇಕು.

ಕೊಯ್ಲಿನ ಕಾಲದ ಮಾತೂ ಇದೆ. ನವೆಂಬರ್, ಡಿಸೆಂಬರಿನಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ. ಒಣಗಿಸಲು ರೈತರಿಗೆ ಬೇರೆ ಜಾಗವಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಒಣಗಿದ ಭತ್ತದ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗಾಲಿ ಗೋಲಿಗುಂಡಿನ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಯಾವ ಟಯರೂ ಇದಕ್ಕೆ ಮದ್ದಲ್ಲ. ವೇಗ ಇಳಿಸಬೇಕು, ಅಷ್ಟೇ. ಹುರುಳಿ, ತೊಗರಿಯ ಕಣವನ್ನು ರಸ್ತೆಯ ಮೇಲೆ ಮಾಡಿದ್ದರೆ ಅದರ ಮೇಲೆ ಹೋಗಲೇಬೇಡಿ, ತಗ್ಗಿರುವ ಕಾರನ್ನಂತೂ ಒಯ್ಯಲೇಬೇಡಿ. ಹೊಟ್ಟು, ಬಳ್ಳಿ ಗಾಲಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ ನಮ್ಮ ರಾಜ್ಯದಲ್ಲೇ ಕಾರುಗಳು ಹೊತ್ತಿ ಉರಿದಿವೆ.

ಇನ್ನು ಅಳತೆ. ಪಕ್ಕದ ಗೋಡೆಯ ಮೇಲೆ 195/55 ಆರ್ 16 87 ವಿ ಎಂದು ಬರೆದಿದೆ ಎಂದುಕೊಳ್ಳಿ. ಅಗಲ 195 ಮಿಲಿಮೀಟರ್. ಗೋಡೆಯ ಎತ್ತರ ಅದರ ಶೇಕಡಾ 55, ಅಂದರೆ 107 ಮಿಲಿಮೀಟರ್. ರಿಮ್ 16 ಇಂಚು. 87 ಎಂದರೆ ಒಂದು ಟಯರು ಹೊರಬಲ್ಲ ಭಾರ 545 ಕೆಜಿ. ವಿ ಎಂದರೆ 240 ಕಿಲೋಮೀಟರ್ ವೇಗದವರೆಗೆ ತಾಳುವಂತೆ ಪರೀಕ್ಷೆಯಾಗಿದೆ. ಅಷ್ಟು ವೇಗದಲ್ಲಿ ಇಲ್ಲಿ ಯಾರು ಹೋಗುತ್ತಾರೆ ಎನ್ನಬೇಡಿ. ಆ ಅಕ್ಷರ ಟಯರು ಎಷ್ಟು ಕಾವನ್ನು ತಡೆಯುತ್ತದೆ ಎಂಬುದನ್ನೂ ಹೇಳುತ್ತದೆ, ನಮ್ಮ ಬೇಸಿಗೆಗೆ ಅದೇ ಮುಖ್ಯ. ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿನ ಅಕ್ಷರಕ್ಕಾಗಲಿ ಕಡಿಮೆ ಭಾರದ ಅಂಕಿಗಾಗಲಿ ಇಳಿಯಬೇಡಿ. ಐದು ಜನ ಕೂತು, ಡಿಕ್ಕಿಯಲ್ಲಿ 75 ಕೆಜಿಯ ಭತ್ತದ ಚೀಲವನ್ನೂ ಹಾಕಿಕೊಂಡು ಹೋಗುವ ಊರು ನಮ್ಮದು.

ನನಗೆ ನಿಜಕ್ಕೂ ಸಂಕಟವಾಗುವುದು ದೊಡ್ಡ ಅಲಾಯ್ ವೀಲಿನ ಮೋಹ ಕಂಡಾಗ. 16 ಇಂಚಿನ ರಿಮ್ ತೆಗೆದು 17ರದ್ದು ಹಾಕಿಸಿ, 205/45 ಟಯರು ಕೂರಿಸುತ್ತಾರೆ. ಹೊರಸುತ್ತಿನ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಐದು ಮಿಲಿಮೀಟರಿನ ವ್ಯತ್ಯಾಸ. ಗೋಡೆ ಮಾತ್ರ 107ರಿಂದ 92 ಮಿಲಿಮೀಟರಿಗೆ ಕುಸಿಯುತ್ತದೆ. ಆ ಹದಿನೈದು ಮಿಲಿಮೀಟರ್ ರಬ್ಬರು ಇಲ್ಲಿ ಚಿನ್ನ. ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ; ಮೇಲೆ ಎಷ್ಟೇ ಚೆನ್ನಾಗಿ ಡಾಂಬರು ಹಾಸಿದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಅಲೆಯಾಗುತ್ತದೆ, ಅಂಚು ಮುರಿಯುತ್ತದೆ. ಎದುರಿನ ಲಾರಿಗೆ ದಾರಿ ಬಿಡಲು ಮಣ್ಣಿಗಿಳಿದು ಮತ್ತೆ ಮೇಲೇರುವಾಗ ಆ ಮುರಿದ ಅಂಚು ಟಯರಿನ ಗೋಡೆಗೇ ಬಡಿಯುತ್ತದೆ. ಒಳಗಿನ ದಾರದ ಹೆಣಿಗೆ ತುಂಡಾಗಿ ಗೋಡೆಯಲ್ಲಿ ಕಡುಬಿನಷ್ಟು ಉಬ್ಬು ಬರುತ್ತದೆ. ಉಬ್ಬು ಬಂದ ಟಯರಿಗೆ ರಿಪೇರಿ ಎಂಬುದಿಲ್ಲ. ಮರುದಿನವೇ ಒಡೆಯಬಹುದು, ತಿಂಗಳಾದ ಮೇಲೂ ಒಡೆಯಬಹುದು. ಕಂಪನಿ ಹೇಳಿದ ಅಳತೆಗಳಲ್ಲೇ, ಗೋಡೆ ಎತ್ತರವಿರುವುದನ್ನು ಆರಿಸಿ. ಅಗಲ ಹತ್ತು ಮಿಲಿಮೀಟರ್ ಹೆಚ್ಚಾದರೆ ಕಾರು ಚಂದ ಕಾಣಬಹುದು, ನಿಂತ ನೀರಿನ ಮೇಲೆ ಮಾತ್ರ ಅದು ಬೇಗ ತೇಲುತ್ತದೆ.

ಆ ತೇಲುವುದಕ್ಕೂ ಗಾಳಿಗೂ ನೇರ ನಂಟಿದೆ, ಅದಕ್ಕೆ ಮೊದಲು ಬೇಸಿಗೆಯ ಗಾಳಿಯ ಮಾತು. ನಮ್ಮ ಭಾಗದ ಪಂಕ್ಚರ್ ಅಂಗಡಿಗಳಲ್ಲಿ ಯುಗಾದಿ ಮುಗಿದ ಕೂಡಲೇ ಈ ಮಾತು ಕೇಳುತ್ತೇವೆ: “ಬ್ಯಾಸಿಗಿ ಐತ್ರೀ ಅಣ್ಣಾರ, ಗಾಳಿ ನಾಕ್ ಪಾಯಿಂಟ್ ಕಮ್ಮಿ ಹಾಕ್ಲೇನ್ರಿ?” ಕೇಳುವವನ ಕಾಳಜಿ ನಿಜವಾದದ್ದು, ಬಿಸಿಗೆ ಗಾಳಿ ಉಬ್ಬಿ ಟಯರು ಒಡೆದೀತು ಎಂಬ ಹೆದರಿಕೆ ಅವನದು. ಆದರೆ ನಡೆಯುವುದು ಅದರ ತಿರುಗಾಮುರುಗಾ. ಗಾಳಿ ಕಡಿಮೆ ಇದ್ದ ಟಯರು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚುತ್ತದೆ. ಆ ಮಡಚುವಿಕೆಯಿಂದಲೇ ಕಾವು ಹುಟ್ಟುತ್ತದೆ. ಕೆಳಗೆ ಅರವತ್ತು ಡಿಗ್ರಿಯ ರಸ್ತೆ, ಒಳಗೆ ಮಡಚುವಿಕೆಯ ಕಾವು, ಮೇಲೆ ಐದು ಜನರ ಭಾರ. ಗೋಡೆಯ ರಬ್ಬರು ದಾರದಿಂದ ಬಿಟ್ಟುಕೊಂಡು ಹೆದ್ದಾರಿಯ ನಡುವೆ ಟಯರು ಸೀಳುತ್ತದೆ. ಬೇಸಿಗೆಯಲ್ಲಿ ಒಡೆಯುವ ಟಯರುಗಳಿಗೆ ದೊಡ್ಡ ಕಾರಣ ಕಡಿಮೆ ಗಾಳಿ. ಗಾಳಿ ಉಬ್ಬುವುದು ನಿಜ: ಬೆಳಗಿನ 27 ಡಿಗ್ರಿಯಲ್ಲಿ 33 ಪಾಯಿಂಟ್, ಅಂದರೆ ಪಿಎಸ್ಐ, ಇದ್ದದ್ದು ಒಳಗಿನ ಕಾವು 60 ಮುಟ್ಟಿದಾಗ 38ರ ಹತ್ತಿರ ಹೋಗುತ್ತದೆ. ಅಷ್ಟು ಏರುತ್ತದೆಂದು ಗೊತ್ತಿಟ್ಟುಕೊಂಡೇ ಟಯರು ಮಾಡಿರುತ್ತಾರೆ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯ ಅಂಕಿಯನ್ನು, ಮುಂಜಾನೆ ಕಾರು ತೆಗೆಯುವ ಮೊದಲು, ತಣ್ಣಗಿರುವ ಟಯರಿನಲ್ಲಿ ನೋಡಬೇಕು. ಮಸ್ಕಿಯಲ್ಲಿ ಚಹಕ್ಕೆ ನಿಂತಾಗ ಅಳೆದು, ಹೆಚ್ಚಿದೆ ಎಂದು ಗಾಳಿ ಬಿಟ್ಟರೆ ಲಿಂಗಸುಗೂರು ತಲುಪಿ ತಣ್ಣಗಾದ ಮೇಲೆ ಕೊರತೆ ಬಿದ್ದಿರುತ್ತದೆ.

ಮಳೆಯಲ್ಲೂ ಇದೇ ಅಂಕಿ ಕಾಯುತ್ತದೆ. ವಿಮಾನದ ಗಾಲಿಗಳ ಮೇಲೆ ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟಿತು: ಗಾಲಿ ನೀರಿನ ಮೇಲೆ ತೇಲಲು ಆರಂಭಿಸುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕಾರಿಗೆ ಅದನ್ನು ಅಂದಾಜಾಗಿ ಹಿಡಿದರೆ 32 ಪಾಯಿಂಟ್ ಗಾಳಿಯಲ್ಲಿ ತೇಲುವ ವೇಗ ಗಂಟೆಗೆ 94 ಕಿಲೋಮೀಟರ್, 20 ಪಾಯಿಂಟಿನಲ್ಲಿ 75ರ ಒಳಗೆ. ಗೆರೆ ಸವೆದಿದ್ದರೆ ಇನ್ನೂ ಕೆಳಗೆ. ನೈಟ್ರೋಜನ್ ತುಂಬಿಸಿದರೆ ಒಳ್ಳೆಯದೇ ಎಂದು ಹಲವರು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ಅದೇ ಇದೆ. ಅದಕ್ಕೆ ಕೊಡುವ ಹಣದಲ್ಲಿ ಗಾಳಿ ಅಳೆಯುವ ಒಳ್ಳೆಯ ಗೇಜೊಂದನ್ನು ಕೊಂಡು ಕಾರಿನಲ್ಲಿಡಿ.

ಬಳ್ಳಾರಿ ಜಾಲಿಯ ಮುಳ್ಳನ್ನು ಮರೆಯುವ ಹಾಗಿಲ್ಲ. ಹೊಲದ ದಾರಿಗೆ ಇಳಿದವರೆಲ್ಲ ಅದನ್ನು ಬಲ್ಲರು. ಟ್ಯೂಬ್‌ಲೆಸ್ ಟಯರಿಗೆ ಅದು ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗುವುದಿಲ್ಲ, ರಾತ್ರಿಯಿಡೀ ಸೋರುತ್ತದೆ. ಬೆಳಿಗ್ಗೆ ನೋಡದೆ ಹೊರಟರೆ ಕಡಿಮೆ ಗಾಳಿಯ ಅಪಾಯವೇ. ರಸ್ತೆಯ ಪಕ್ಕದಲ್ಲಿ ಹೊರಗಿನಿಂದ ತುರುಕುವ ರಬ್ಬರ್ ದಾರ ಊರು ಮುಟ್ಟಲಿಕ್ಕೆ ಸಾಕು. ದಿನಾ ವೇಗವಾಗಿ ಓಡುವ ಕಾರಿಗೆ ಟಯರು ಬಿಚ್ಚಿಸಿ, ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸುವುದೇ ಸರಿ. ಗೋಡೆಗೆ ಚುಚ್ಚಿದ್ದರೆ ಟಯರನ್ನೇ ಬದಲಿಸಬೇಕು.

ಕೊಳ್ಳುವ ದಿನ ಗೋಡೆಯ ಮೇಲೆ ನಾಲ್ಕು ಅಂಕಿಗಳನ್ನು ಹುಡುಕಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ನಮ್ಮ ಅಂಗಡಿಗಳಲ್ಲಿ ಟ್ರ್ಯಾಕ್ಟರು, ಲಾರಿಯ ಟಯರು ಬೇಗ ಖರ್ಚಾಗುತ್ತವೆ, ಈ ಕಾರುಗಳ ಅಳತೆಯವು ತಗಡಿನ ಚಾವಣಿಯ ಗೋದಾಮಿನಲ್ಲಿ ಬಿಸಿಲು ಕಾಯುತ್ತ ಕೂರುವುದುಂಟು. ಒಂದು ವರ್ಷಕ್ಕಿಂತ ಹಳೆಯದಾದರೆ ಬೇಡವೆನ್ನಿ. ರಾಯಚೂರಿನಿಂದಲೋ ಬಳ್ಳಾರಿಯಿಂದಲೋ ತರಿಸಿಕೊಡುತ್ತಾರೆ. ಬಿಸಿಲು ರಬ್ಬರನ್ನು ಓಡದೆಯೂ ಮುದಿಯಾಗಿಸುತ್ತದೆ, ಹಾಗಾಗಿ ಕಾರು ನಿಲ್ಲಿಸುವಾಗ ನೆರಳು ಬೇಕು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಕೆತ್ತಿರುವ ಶಾಸನವಿದೆ. ಅದೇ ಅಶೋಕ ಬೇರೆ ಶಾಸನಗಳಲ್ಲಿ ದಾರಿಯ ಬದಿಗೆ ಮರ ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ನಮ್ಮ ಹೆದ್ದಾರಿಗಳ ಬದಿಯಲ್ಲಿ ಕಾರು ನಿಲ್ಲಿಸಲು ಒಂದು ನೆರಳು ಹುಡುಕುವಾಗೆಲ್ಲ ನನಗೆ ಅದು ನೆನಪಾಗುತ್ತದೆ. ಗೆರೆ ಇನ್ನೂ ಆಳವಾಗಿದ್ದರೂ ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಗೋಡೆಯಲ್ಲಿ ಸಣ್ಣ ಬಿರುಕು ಕಂಡರೆ ಬದಲಿಸಿ.

ಗೆರೆಯ ತಳದಲ್ಲಿ ಅಲ್ಲಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ರಬ್ಬರು ಆ ಮಟ್ಟಕ್ಕೆ ಸವೆದರೆ ಟಯರಿನ ಆಯುಷ್ಯ ಮುಗಿಯಿತು. ನಮ್ಮ ಕೆಸರಿಗೆ ಅಲ್ಲಿಯವರೆಗೆ ಕಾಯಬೇಡಿ. 3 ಮಿಲಿಮೀಟರ್ ಉಳಿದಿರುವಾಗ, ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮುಂಚೆ ಹೊಸದು ಹಾಕಿಸುವುದು ಜಾಣತನ. ನಾಲ್ಕಕ್ಕೂ ಹಣ ಸಾಲದೆ ಎರಡನ್ನೇ ಕೊಳ್ಳುವುದಾದರೆ ಆ ಎರಡನ್ನು ಹಿಂದಿನ ಗಾಲಿಗಳಿಗೆ ಹಾಕಿಸಿ. ಮೆಕ್ಯಾನಿಕ್ ಒಪ್ಪುವುದು ಕಷ್ಟ. ಈ ಕಾರುಗಳಿಗೆ ಎಂಜಿನ್ನಿನ ಎಳೆತ ಮುಂದಿನ ಗಾಲಿಗೇ ಇರುವುದರಿಂದ ಹೊಸದು ಮುಂದಕ್ಕೇ ಇರಲಿ ಎನ್ನುತ್ತಾನೆ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ತಿಳಿಯುತ್ತದೆ, ಎಕ್ಸಿಲರೇಟರ್ ಬಿಟ್ಟರೆ ಕಾರು ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆದು ಕಾಲುವೆಯ ಕಡೆಗೆ ಮುಖ ಮಾಡುವವರೆಗೂ ಸುಳಿವು ಸಿಗುವುದಿಲ್ಲ, ಸಾಮಾನ್ಯ ಚಾಲಕರು ಅದನ್ನು ಸರಿಪಡಿಸಲಾರರು.

ತೆಗೆದ ಹಳೆಯ ಟಯರುಗಳನ್ನು ಅಂಗಡಿಯಲ್ಲೇ ಬಿಡಿ. ಗೆರೆ ಸವೆದ ಟಯರಿಗೆ ಬಿಸಿ ಚಾಕುವಿನಿಂದ ಹೊಸ ಗೆರೆ ಕೊರೆದು ಮಾರುವವರ ಕೈಗೆ ಮಾತ್ರ ಕೊಡಬೇಡಿ. ಕಾರಿನ ಟಯರಿನಲ್ಲಿ ಹಾಗೆ ಕೊರೆಯುವಷ್ಟು ರಬ್ಬರು ಉಳಿದಿರುವುದಿಲ್ಲ, ಕತ್ತಿ ಒಳಗಿನ ಉಕ್ಕಿನ ಪಟ್ಟಿಯನ್ನೇ ತಾಗುತ್ತದೆ, ಅದನ್ನು ಕೊಂಡ ಬಡವರು ಯಾರೋ ಮಕ್ಕಳನ್ನು ಕೂರಿಸಿಕೊಂಡು ಇದೇ ರಸ್ತೆಯಲ್ಲಿ ಹೋಗುತ್ತಾರೆ. ಮನೆಯ ಮಾಳಿಗೆಯ ಮೇಲೆ ಎಸೆದಿಟ್ಟರೆ ಒಳಸುತ್ತಿನಲ್ಲಿ ಮಳೆನೀರು ನಿಂತು ಡೆಂಗೀ ಸೊಳ್ಳೆ ಮೊಟ್ಟೆಯಿಡುತ್ತದೆ.